ಸವಳಿನ ಮೇಲೆ ಹಸಿರು

ಗೊರೇಬಾಳ, ತಾಲೂಕು ಸಿಂಧನೂರು
೬ ಫೆಬ್ರವರಿ ೨೦೨೫, ಗುರುವಾರ

ಪ್ರೀತಿಯ ಅಪ್ಪಾ,

ನಿನ್ನ ಕೆಮ್ಮು ಈಗ ಹೇಗಿದೆ? ಸಿಮೆಂಟಿನ ಚೀಲ ಬಿಚ್ಚುವಾಗ ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಕಟ್ಟಿಕೊಳ್ಳುವುದಿಲ್ಲ ಎಂದು ಅವ್ವನಿಗೂ ಗೊತ್ತು, ನನಗೂ ಗೊತ್ತು, ಆದರೂ ಕೇಳುತ್ತೇವೆ. ಪುಣೆಯಲ್ಲಿ ಚಳಿ ಬಹಳ ಎಂದು ಹೇಳಿದ್ದೆ. ಹನ್ನೆರಡನೇ ಮಹಡಿಯ ಗಾಳಿಗೆ ನಿಂತು ಗೋಡೆಗೆ ಸಿಮೆಂಟು ಬಳಿದು ಗಿಲಾವ್ ಮಾಡುವಾಗ ಅಂಗಿಯ ಒಳಗೆ ಹಳೇ ಸ್ವೆಟರ್ ಹಾಕಿಕೋ. ಇಲ್ಲಿ ಅವ್ವ ಆರಾಮ ಇದ್ದಾಳೆ. ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಟ್ಟಿದ್ದಾರೆ, ದಿನಾ ಭತ್ತದ ನಾಟಿಗೆ ಹೋಗುತ್ತಾಳೆ. ಪ್ರತಿ ವರ್ಷದಂತೆ ಹಿಮ್ಮಡಿ ಒಡೆದಿವೆ. ನಿನಗೆ ಹೇಳಬೇಡ ಎಂದಿದ್ದಾಳೆ, ಅದಕ್ಕೇ ಹೇಳುತ್ತಿದ್ದೇನೆ. ಪತ್ರದ ಜೊತೆ ರೊಟ್ಟಿಗೆ ಹಚ್ಚಿಕೊಳ್ಳಲು ಅಗಸಿ ಹಿಂಡಿಯ ಡಬ್ಬಿ ಇದೆ. ಎರಡನ್ನೂ ಲಿಂಗಸುಗೂರಿನಿಂದ ಪುಣೆ ಬಸ್ಸು ಹತ್ತುವ ಸಂಗನಬಸವಣ್ಣನ ಕೈಯಲ್ಲಿ ಕೊಡುತ್ತಿದ್ದೇನೆ. ಹಿಂಡಿಯನ್ನು ಎಲ್ಲರಿಗೂ ಹಂಚು, ಪತ್ರವನ್ನು ಮಾತ್ರ ಯಾರ ಕೈಯಲ್ಲೂ ಓದಿಸಬೇಡ. ನೀನು ಅಕ್ಷರ ಕೂಡಿಸಿ ಓದುವವನು ಎಂದು ದೊಡ್ಡದಾಗಿ, ಬಿಡಿಸಿ ಬರೆದಿದ್ದೇನೆ. ಎರಡು ದಿನ ಹಿಡಿದರೂ ಪರವಾಗಿಲ್ಲ, ನೀನೇ ಓದು.

ವಾರಕ್ಕೆ ಎರಡು ಸಲ ಫೋನ್ ಮಾಡುತ್ತೇನಲ್ಲ, ಮತ್ತೆ ಈ ಪತ್ರ ಯಾಕೆ ಎಂದು ಕೇಳುತ್ತೀ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನನಗೆ ಹೂಂ ಅನ್ನುವುದೊಂದೇ ಬರುತ್ತದೆ. ನನ್ನ ಸ್ವಭಾವ ನಿನಗೆ ಗೊತ್ತು. ಐದನೇ ಇಯತ್ತೆಯವರೆಗೆ ಸಾಲೆಗೆ ಹೋದಾಗಲೂ ಹಾಜರಿ ಕೂಗಿದರೆ ನನ್ನ ದನಿ ಮಾಸ್ತರರಿಗೆ ಕೇಳುತ್ತಿರಲಿಲ್ಲ, ಬಾಜು ಕೂತವಳು ನನ್ನ ಪರವಾಗಿ ಕೂಗುತ್ತಿದ್ದಳು. ಹೋದ ತಿಂಗಳು ನೀನು ಫೋನಿನಲ್ಲಿ ಪಂಪಾಪತಿ ಸಾವ್ಕಾರರ ಚಿತ್ರದ ವಿಷಯ ಹೇಳಿದಾಗ ಮೂರು ಸಲ ಹೂಂ ಅಂದೆ. ಆ ಮೂರೂ ಹೂಂಗಳನ್ನು ವಾಪಸು ತೆಗೆದುಕೊಳ್ಳುವುದಕ್ಕೆ ಈ ಪತ್ರ. ಮೊದಲು ಸಿಟ್ಟಾಗಬೇಡ. ಪೂರಾ ಓದಿ ಆಮೇಲೆ ಸಿಟ್ಟಾಗು.

ಸಾವ್ಕಾರರು ನಿನಗೆ ಫೋನಿನಲ್ಲಿ ತಮ್ಮ ಕಡೆಯದಷ್ಟೇ ಹೇಳಿದ್ದಾರೆ. ನಡೆದದ್ದನ್ನು ಮೊದಲಿನಿಂದ ನಾನು ಹೇಳುತ್ತೇನೆ. ಬಂಗಾಲಿಗಳ ಆರ್.ಎಚ್. ಕ್ಯಾಂಪಿನ ನಿತಾಯಿ ಕಾಕಾ ದಸರೆಗೆ ದುರ್ಗೆಯ ಮೂರ್ತಿ ಮಾಡುವಾಗ ನಾನು ಮಣ್ಣು ಕಲಸಲು ಹೋಗುತ್ತಿದ್ದೆನಲ್ಲ, ಈ ಸಲ ಅವರು ಮೂರ್ತಿಯ ಹಿಂದಿನ ಪರದೆಯ ಮೇಲೆ ಹೊಳೆ ಬರೆಯಲು ನನಗೇ ಬಿಟ್ಟರು. ಬ್ರಷ್ಷು ನನ್ನ ಕೈಗೆ ಒಗ್ಗಲಿಲ್ಲ. ನೀನು ಬಿಟ್ಟುಹೋದ ಗಾರೆ ಬಳಿಯುವ ಸಣ್ಣ ಥಾಪಿ, ಮೂಲೆ ತುಂಬುವುದು, ಹಿಡಿಗೆ ಅವ್ವನ ಹಳೇ ಸೀರೆಯ ಪಟ್ಟಿ ಸುತ್ತಿದ್ದು, ಅದನ್ನು ಒಯ್ದು ಬಣ್ಣವನ್ನು ಗಾರೆಯ ಹಾಗೆ ಎಳೆದೆ. ನೀರು ಅಲೆ ಅಲೆಯಾಗಿ ಎದ್ದು ನಿಂತಿತು. ಕಾಕಾ ನೋಡಿ, ಇದಕ್ಕೆ ದೊಡ್ಡ ದೊಡ್ಡ ಕಲಾವಿದರು ಬೇರೆ ಕಬ್ಬಿಣದ ತುಂಡು ಇಟ್ಟುಕೊಂಡಿರುತ್ತಾರೆ, ನಿನ್ನದು ಗೌಂಡಿಯ ಥಾಪಿ, ಅಷ್ಟೇ ಫರಕು ಎಂದರು. ಆ ಹೊಳೆಯನ್ನು ನೋಡಿದ ಸಾವ್ಕಾರರು ಯಾರ ಕೆಲಸ ಎಂದು ವಿಚಾರಿಸಿದರಂತೆ. ಗೌಂಡಿ ಕನಕರಾಯನ ಮಗಳು ಎಂದು ಗೊತ್ತಾಗಿ ಮನೆಗೇ ಬಂದರು. ಲಿಂಗಸುಗೂರಿನಲ್ಲಿ ಅವರು ಕಟ್ಟಿಸುತ್ತಿರುವ ಮನೆಗೆ ಬಸವ ಜಯಂತಿಗೆ ಗೃಹಪ್ರವೇಶ, ಹಾಲ್‌ನಲ್ಲಿ ತೂಗುಹಾಕಲು ಗೊರೇಬಾಳದ ತಮ್ಮ ಹೊಲದ ಚಿತ್ರ ಬೇಕು, ತುಂಬಿದ ಬೆಳೆ ಇರಬೇಕು ಎಂದರು. ಹೋಗುವಾಗ, ಆ ಮನೆಯ ಗಿಲಾವ್ ಕೆಲಸವೆಲ್ಲ ನಿಮ್ಮಪ್ಪನಿಗೇ ಕೊಡುತ್ತೇನೆ, ಪುಣೆ ಬಿಟ್ಟು ಬರಲಿ ಎಂದೂ ಅಂದರು. ಅವ್ವ ಅವತ್ತು ಎರಡು ಸಲ ಚಹಾ ಕುಡಿದಳು. ನೀನು ಬರುವ ಮಾತು ಬಂದರೆ ಅವಳು ಹಾಗೆಯೇ.

ಕಾಕಾ ಕ್ಯಾನ್ವಾಸು ಕಟ್ಟಿಕೊಟ್ಟರು, ತಮ್ಮ ಅರ್ಧ ಮುಗಿದ ಬಣ್ಣದ ಟ್ಯೂಬುಗಳನ್ನೂ ಕೊಟ್ಟರು. ಬಣ್ಣಕ್ಕೆ ಅಗಸಿ ಎಣ್ಣೆ ಬೆರೆಸು ಎಂದು ಹೇಳಿದ್ದರು. ಮಸ್ಕಿಯ ಗಾಣದಲ್ಲಿ ಅದು ಮುಗಿದಿತ್ತು. ಅಗಸಿಯೂ ತಿನ್ನುವುದೇ, ಕುಸುಬಿಯೂ ತಿನ್ನುವುದೇ, ಏನು ಫರಕು ಎಂದುಕೊಂಡು ಅವ್ವನ ಡಬ್ಬಿಯ ಕುಸುಬಿ ಎಣ್ಣೆಯನ್ನು ಸುರಿದುಬಿಟ್ಟೆ. ತಪ್ಪು ಮಾಡಿದ್ದು ಇದೊಂದೇ, ಒಪ್ಪಿಕೊಳ್ಳುತ್ತೇನೆ. ಅವ್ವ ಪಲ್ಯದ ಒಗ್ಗರಣೆಗೆ ಎಣ್ಣೆ ಹುಡುಕಿ ನನ್ನನ್ನು ಬೈದಿದ್ದು ಮೂರು ಮನೆಗೆ ಕೇಳಿತು. ಚಿತ್ರ ಒಣಗಲೇ ಇಲ್ಲ. ಹಳದಿ ಬೆಳೆ, ನೀಲಿ ಆಕಾಶ, ಎಲ್ಲ ಬರೆದು ಹದಿನೈದು ದಿನವಾದರೂ ಬೆರಳಿಟ್ಟರೆ ಅಂಟುತ್ತಿತ್ತು. ಕಾಕಾ ಬಂದು ಮೂಸಿ ನೋಡಿ ನಕ್ಕರು. "ಕುಸುಬಿನೂ ಒಣಗ್ತೈತಿ ಬೇಟಿ, ಆದ್ರ ಅದಕ್ಕ ಅವಸರ ಇಲ್ಲ. ಉಗಾದಿ ತನಕ ಕಾಯಿ" ಎಂದರು. ನಾನು ಅದನ್ನು ಅಂಗಳದ ಗೋಡೆಗೆ ಒರಗಿಸಿ ಗಾಳಿಗೆ ಇಟ್ಟೆ.

ಅಷ್ಟರಲ್ಲಿ ಭತ್ತ ಕೊಯ್ದು ಮುಗಿದಿತ್ತು. ಡಿಸೆಂಬರಿನ ಒಂದು ಸಂಜೆ ಸಾವ್ಕಾರರ ಆಳುಗಳು ಆ ಹೊಲದ ಕೂಳೆಗೆ ಬೆಂಕಿ ಹಚ್ಚಿದರು. ಬೂದಿ ಹಾರಿ ಊರ ಮೇಲೆ ಬಿತ್ತು. ನಾನು ನೀರು ತರಲು ಹೋಗಿದ್ದೆ. ಬಂದು ನೋಡಿದರೆ ಕಪ್ಪು ಬೂದಿಯ ಎಳೆಗಳು ಹಸಿ ಬಣ್ಣದ ತುಂಬ ಕೂತಿದ್ದವು. ಅವ್ವ ಪಾಪ, ನನ್ನ ಕೆಲಸ ಹಾಳಾಯಿತೆಂದು ಸೆರಗಿನಿಂದ ಒರೆಸಲು ಹೋಗಿ ನೀಲಿ ಆಕಾಶದ ಮೇಲೆ ಇಷ್ಟುದ್ದ ಎಳೆದಿದ್ದಳು. ಅಳು ಬಂತು. ಆಮೇಲೆ ತಲೆಯೆತ್ತಿ ಹೊಲದ ಕಡೆ ನೋಡಿದೆ. ಅವ್ವನ ಸೆರಗು ಎಳೆದಂಥದೇ ಹೊಗೆ ಅಲ್ಲಿಯೂ ಎಳೆದುಕೊಂಡು ಹೋಗುತ್ತಿತ್ತು. ಹೊಲವೇ ಎದ್ದು ಬಂದು ನನ್ನ ಚಿತ್ರದ ಮೇಲೆ ಕೂತು, ನಾನು ಹಿಂಗಿಲ್ಲ ಎಂದು ಹೇಳಿದ ಹಾಗಾಯಿತು. ಆ ಹೊಲದಲ್ಲಿ ನಾನೂ ಅವ್ವನೂ ಎಂಟು ವರ್ಷ ನಾಟಿ ಮಾಡಿದ್ದೇವೆ. ಅದರ ಬಣ್ಣ ನನ್ನ ಕಣ್ಣಿಗಿಂತ ಮೊದಲು ನನ್ನ ಕಾಲಿಗೆ ಗೊತ್ತು. ಮತ್ತೆ ನಾನು ಯಾಕೆ ಕ್ಯಾಲೆಂಡರಿನ ಹೊಲ ಬರೆದೆ?

ಥಾಪಿ ತೆಗೆದುಕೊಂಡು ಹಳದಿ ಬೆಳೆಯನ್ನೆಲ್ಲ ಕೆರೆದೆ. ಎರೆ ಮಣ್ಣನ್ನು ಬಟ್ಟೆಯಲ್ಲಿ ಸೋಸಿ ಕಪ್ಪು ಬಣ್ಣದಲ್ಲಿ ಕಲಸಿ ದಪ್ಪಗೆ ಹಚ್ಚಿದೆ, ಸುಟ್ಟ ಕೂಳೆಯ ಸಾಲುಗಳನ್ನು ಥಾಪಿಯ ಅಂಚಿನಿಂದ ಕಡಿದು ಎಬ್ಬಿಸಿದೆ. ಬೂದಿಯನ್ನು ಇದ್ದಲ್ಲೇ ಬಿಟ್ಟೆ. ಹೊಗೆಯೊಳಗೆ ಮುಳುಗುವ ಸೂರ್ಯನಿಗೆ ಹಸಿ ಅರಿಶಿನದ ಕೊಂಬು ಮುರಿದಾಗ ಕಾಣುವ ಬಣ್ಣ ಸಿಕ್ಕಿತು. ಕೊನೆಗೆ ತಗ್ಗಿನ ಮೂಲೆ ಉಳಿಯಿತು. ನಿನಗೆ ಗೊತ್ತಲ್ಲ, ನೀರು ನಿಂತು ನಿಂತು ಮಣ್ಣಿನ ಉಪ್ಪು ಮೇಲೆ ಬಂದು ಸವಳು ಎದ್ದಿರುವ ಮೂಲೆ, ಭತ್ತ ಹಚ್ಚಿದರೆ ಮೊಣಕಾಲುದ್ದ ಬೆಳೆದು ಕೆಂಪಗಾಗಿ ಸಾಯುತ್ತದೆ. ಸವಳನ್ನು ಬರೆಯುವುದಕ್ಕೇ ನಾಲ್ಕು ದಿನ ಹಿಡಿಯಿತು. ಅದನ್ನು ಎಲ್ಲರೂ ಬಿಳಿ ಎನ್ನುತ್ತಾರೆ. ಬೆಳಿಗ್ಗೆ ನೋಡಿದರೆ ಅದರ ಅಂಚಿಗೆ ಒಂಚೂರು ನೀಲಿ ಇರುತ್ತದೆ, ಇಳಿಹೊತ್ತಿನಲ್ಲಿ ಹಳೆಯ ಹಲ್ಲಿನ ಹಳದಿ. ಮೇಲೆ ಹಪ್ಪಳದ ಹಾಗೆ ಗರಿಗರಿ, ಒಳಗೆ ಕಾಲು ಹೂತುಹೋಗುವ ಕೆಸರು. ಬಿಳಿ ಬಣ್ಣವನ್ನು ಥಾಪಿಯ ತುದಿಯಿಂದ ಇಟ್ಟು ಇಟ್ಟು ಮೇಲಕ್ಕೆ ಕಿತ್ತೆ. ಅದು ಒಡೆದ ಹೆಪ್ಪಿನ ಹಾಗೆ ನಿಂತಿತು. ಚಿತ್ರದಲ್ಲಿ ಒಬ್ಬ ಮನುಷ್ಯನೂ ಇಲ್ಲ, ಆದರೆ ಯಾರೋ ಇದೀಗ ಎದ್ದುಹೋದ ಹಾಗೆ ಕಾಣುತ್ತದೆ. ಯಾರು ಎಂದು ನನಗೆ ಗೊತ್ತು. ಮುಗಿದ ದಿನ ಅವ್ವ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು. ಆ ಬಿಳಿ ಮೂಲೆ ನೋಡುತ್ತಾ ನೋಡುತ್ತಾ ತನಗೇ ಗೊತ್ತಿಲ್ಲದೆ ಬಗ್ಗಿ ಹಿಮ್ಮಡಿ ತುರಿಸಿಕೊಂಡಳು. ಅಪ್ಪಾ, ನನಗೆ ಯಾವ ಶಾಭಾಸೂ ಅದಕ್ಕಿಂತ ಹೆಚ್ಚು ಬೇಡ.

ಸಂಕ್ರಾಂತಿ ಮುಗಿಸಿ ಸಾವ್ಕಾರರು ಬಂದರು. ಮೊದಲು ಚಿತ್ರವನ್ನು ತಲೆಕೆಳಗು ಇಟ್ಟಿದ್ದೇನೆ ಎಂದುಕೊಂಡರೋ ಏನೋ, ಕತ್ತು ವಾಲಿಸಿ ನೋಡಿದರು. ಆಮೇಲೆ, "ನಾ ಬೆಳಿ ಕೇಳಿದ್ನಿ, ನೀ ಸುಡುಗಾಡು ಬರದಿಯಲ್ಲವ್ವ" ಎಂದರು. ಒಣಗಿದ ಅಂಚಿಗೆ ಅಂಗೈ ಆಡಿಸಿ, ಕೈ ಗೀರುತ್ತದೆ, ಇದನ್ನು ನಯ ಮಾಡು, ಸವಳು ಕಾಣದ ಹಾಗೆ ಮೇಲೆಲ್ಲ ಹಸಿರು ಹಚ್ಚು, ನಾಲ್ಕು ಬೆಳ್ಳಕ್ಕಿ ಬಿಡು, ಬದುವಿನ ಮೇಲೆ ತಮ್ಮ ಹೊಸ ಟ್ರ್ಯಾಕ್ಟರ್ ನಿಲ್ಲಿಸು ಎಂದರು. ನಾನು ಕಾಲ ಬೆರಳು ನೋಡುತ್ತಾ ನಿಂತಿದ್ದೆ. ಅವರು ಕೆಟ್ಟವರಲ್ಲ ಬಿಡು, ಕೂತು ಚಹಾ ಕುಡಿದು ಸಮಾಧಾನದಿಂದಲೇ ಹೇಳಿದರು. "ಸವಳು ಎಲ್ಲಾರ ಹೊಲದಾಗೂ ಐತಿ ತಂಗಿ. ಯಾರರ ತಮ್ಮ ಮನಿ ಗ್ವಾಡಿಗಿ ಅದನ್ನ ತೂಗುಹಾಕ್ತಾರೇನು? ಮಂದಿ ಬರ್ತಾರ, ಬೀಗರು ಬರ್ತಾರ." ಹೊರಡುವಾಗ ಮಾತ್ರ ಗಿಲಾವ್ ಕೆಲಸವನ್ನು ನೆನಪು ಮಾಡಿದರು. ಅದೇ ದಿನ ನಿನಗೆ ಫೋನೂ ಹಚ್ಚಿದರು.

ನೀನು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಅಮರಿ, ಸಾವ್ಕಾರ್ರು ಹೇಳಿದಂಗ ಹಸಿರು ಹಚ್ಚಿಬಿಡವ್ವ. ಒಂದು ಕೈ ಹೊಡದ್ರ ಆತು. ನಾ ಊರಿಗೆ ಬಂದಂಗಾಗ್ತೈತಿ." ನಿನ್ನ ದನಿಯ ಹಿಂದೆ ಲಿಫ್ಟಿನ ಸದ್ದು, ಯಾರೋ ಹಿಂದಿಯಲ್ಲಿ ಬೈಯುವ ಸದ್ದು ಕೇಳುತ್ತಿತ್ತು. ನಾನು ಹೂಂ ಅಂದೆ. ಮರುದಿನ ಹಸಿರು ಕಲಸಿದೆ, ಸುಳ್ಳು ಹೇಳುವುದಿಲ್ಲ. ನೀನು ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನು ಕಣ್ಣಮುಂದೆ ತಂದುಕೊಂಡು, ಥಾಪಿಯ ತುಂಬ ಹಸಿರು ತೆಗೆದುಕೊಂಡು ಸವಳಿನ ಮುಂದೆ ಕೂತೆ. ನಯ ಮಾಡುವುದು ನನಗೇನು ಬರುವುದಿಲ್ಲವೇ? ಮಂದಿಯ ಕಣ್ಣಿಗೆ ನಾನು ಕಲಸಿದ ಸಿಮೆಂಟಿನ ಮಾಲು ಹೊರುವವಳು, ಹೆಂಗಸರು ಥಾಪಿ ಮುಟ್ಟುವುದಿಲ್ಲ. ಆದರೆ ಮಂದಿ ಊಟಕ್ಕೆ ಹೋದಾಗ ಬಚ್ಚಲುಮನೆಯ ಒಳಗೋಡೆಗಳನ್ನು ನನಗೆ ಬಿಟ್ಟುಕೊಟ್ಟು ಕಲಿಸಿದವನು ನೀನೇ. ಗೋಡೆಗೆ ಅಂಗೈ ಆಡಿಸಿದರೆ ಎಲ್ಲೂ ತಡೆಯಬಾರದು ಎಂದವನೂ ನೀನೇ. ಗಿಲಾವಿನ ಮೊದಲನೇ ಕೋಟ್‌ಗೆ ಗೀರು ಹಾಕು, ಒರಟು ಇಲ್ಲದಿದ್ದರೆ ಎರಡನೆಯದು ಹಿಡಿಯುವುದಿಲ್ಲ ಎಂದವನೂ ನೀನೇ. ಕೈ ಮುಂದೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಕೂತು ವಿಚಾರ ಮಾಡಿದಾಗ ಮಸ್ಕಿಯ ಗೋದಾಮು ನೆನಪಾಯಿತು.

ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ಸಾಲೆ ಬಿಟ್ಟ ವರ್ಷ, ನಾನು ನಿನ್ನ ಜೊತೆ ಮೊದಲ ಸಲ ಕೆಲಸಕ್ಕೆ ಬಂದದ್ದು. ಗೋದಾಮಿನ ಹಳೇ ಗೋಡೆಯ ಬುಡಕ್ಕೆ ಬಿಳಿ ಹಿಟ್ಟು ಎದ್ದಿತ್ತು. ನೀನು ಥಾಪಿಯಿಂದ ಕೆರೆದು, ಚೂರು ನಾಲಿಗೆಯ ತುದಿಗೆ ಹಚ್ಚಿ ನೋಡಿ, ಉಗುಳಿದೆ. ಈ ಗೋಡೆಗೆ ಉಪ್ಪು ಏರಿದೆ, ಬುಡ ಬಿಚ್ಚಿ ಕಟ್ಟಬೇಕು, ಹಾಗೆಯೇ ಗಿಲಾವ್ ಹಾಕಿದರೆ ಮೂರು ತಿಂಗಳಿಗೆ ಉಬ್ಬಿ ಬೀಳುತ್ತದೆ ಎಂದೆ. ಗುತ್ತಿಗೆದಾರ ನಕ್ಕ. "ಮ್ಯಾಲ ಬಣ್ಣ ಬಡದ್ರ ಯಾರಿಗಿ ಕಾಣ್ತೈತಿ ಮಾರಾಯ?" ಅಂದ. ನೀನು ಅಂದದ್ದು ಎರಡೇ ಮಾತು. "ನನಗ ಕಾಣ್ತೈತಿ." ಆಮೇಲೆ ನಳದ ಕೆಳಗೆ ಥಾಪಿ ತೊಳೆದು, ಒರೆಸಿ, ಚೀಲಕ್ಕೆ ಹಾಕಿ, ನನ್ನ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಇಪ್ಪತ್ತು ದಿನ ಯಾರೂ ಕರೆಯಲಿಲ್ಲ. ಅವ್ವ ಒಲೆಯ ಮುಂದೆ ಕೂತು ಬೈದದ್ದೇ ಬೈದದ್ದು. ನಾನು ಆಗ ಸಣ್ಣವಳು, ಆದರೂ ನನ್ನ ಅಪ್ಪ ಎಲ್ಲರ ಅಪ್ಪಂದಿರಿಗಿಂತ ಎತ್ತರ ಎಂದು ಆ ಇಪ್ಪತ್ತು ದಿನವೂ ಅನ್ನಿಸುತ್ತಿತ್ತು.

ಈಗ ಹೇಳು. ನೀನು ಸವಳಿನ ಮೇಲೆ ಗಿಲಾವ್ ಹಾಕಲಿಲ್ಲ. ನಾನು ಸವಳಿನ ಮೇಲೆ ಹಸಿರು ಯಾಕೆ ಹಚ್ಚಲಿ? ಅದು ಉಬ್ಬಿ ಬೀಳುವುದಿಲ್ಲ, ಗೊತ್ತು. ಬಣ್ಣ ನೂರು ವರ್ಷ ನಿಲ್ಲುತ್ತದಂತೆ. ಅದೇ ನನಗೆ ತಡೆಯಲಾಗದ ಮಾತು. ನೂರು ವರ್ಷ ಆ ಗೋಡೆಯ ಮೇಲೆ ಸುಳ್ಳು ನಿಂತಿರುತ್ತದೆ, ಅದರ ಕೆಳಗೆ ಅವ್ವನ ಹಿಮ್ಮಡಿ ಇರುತ್ತದೆ, ಯಾರಿಗೂ ಕಾಣುವುದಿಲ್ಲ. ನನಗೆ ಕಾಣುತ್ತದೆ. ಕಲಸಿದ ಹಸಿರನ್ನು ತೆಗೆದು ನಮ್ಮ ಬಾಗಿಲ ಚೌಕಟ್ಟಿಗೆ ಬಳಿದೆ. ಚೆನ್ನಾಗಿ ಕಾಣುತ್ತಿದೆ, ಇನ್ನೂ ಒಣಗಿಲ್ಲ, ಅವ್ವನ ಎರಡು ಸೀರೆಗೆ ಅಂಟಿದೆ.

ಸೋಮವಾರ ವಿರೇಶ ಮಾವನ ಆಟೋದಲ್ಲಿ ಚಿತ್ರ ಇಟ್ಟುಕೊಂಡು ಸಿಂಧನೂರಿಗೆ, ಸಾವ್ಕಾರರ ಅಂಗಡಿಗೆ ನಾನೇ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದೆ. ಅಂಗಡಿ ಮುಂದೆ ಇಳಿಯುವಷ್ಟರಲ್ಲಿ ಅರ್ಧ ಮರೆತಿದ್ದೆ. ಚಿತ್ರವನ್ನು ಕಟ್ಟೆಗೆ ಒರಗಿಸಿ ನಿಂತೆ. ಭತ್ತದ ಚೀಲ ಹೊತ್ತಿದ್ದ ಹಮಾಲರು ಒಬ್ಬೊಬ್ಬರೇ ನಿಂತರು. ಒಬ್ಬ ಚೀಲ ಇಳಿಸದೆಯೇ ಕತ್ತು ಚಾಚಿ, "ಇದು ನಮ್ಮ ಸಾವ್ಕಾರ್ರ ತಗ್ಗಿನ ಹೊಲ ಅಲ್ಲೇನಲೇ? ಮೂಲ್ಯಾಗ ಸವಳು ನೋಡು, ಹಂಗೇ ಎದ್ದೈತಿ" ಅಂದ. ಇನ್ನೊಬ್ಬ, ಅಲ್ಲಿ ನನ್ನ ಹೆಂಡತಿಯ ಬಳೆ ಕಳೆದಿತ್ತು, ಅದೂ ಕಾಣುತ್ತದೇನು ನೋಡು ಎಂದು ನಗಿಸಿದ. ಅಷ್ಟರಲ್ಲಿ ಸಾವ್ಕಾರರು ಹೊರಗೆ ಬಂದರು. ಮುಖ ಕೆಂಪಾಗಿತ್ತು. ಒಂದು ಖಾಲಿ ಚೀಲ ಎತ್ತಿ ಚಿತ್ರದ ಮೇಲೆ ಎಸೆದು, ಹಸಿರು ಎಲ್ಲಿ ಎಂದರು. ನನ್ನ ಬಾಯಿಪಾಠದಲ್ಲಿ ಉಳಿದದ್ದು ಒಂದೇ ಸಾಲು. "ಹಸಿರು ಹಚ್ಚಂಗಿಲ್ರೀ ಸಾವ್ಕಾರ್ರ." ನನ್ನ ದನಿ ನನಗೇ ಗುರುತು ಸಿಗಲಿಲ್ಲ ಅಪ್ಪಾ, ಅಷ್ಟು ದೊಡ್ಡದಿತ್ತು. ಹಾಗಾದರೆ ಗಿಲಾವ್ ಕೆಲಸ ಬೇರೆಯವರಿಗೆ ಹೋಯಿತು ಎಂದು ತಿಳಿ, ನಿಮ್ಮಪ್ಪನಿಗೆ ನೀನೇ ಹೇಳು ಎಂದರು. ಹೇಳುತ್ತೇನ್ರೀ ಎಂದೆ. ಹಸಿ ಬಣ್ಣಕ್ಕೆ ಅಂಟಿದ ಚೀಲವನ್ನು ಮೆಲ್ಲಗೆ ಬಿಡಿಸಿ, ಮಡಿಚಿ, ಅವರ ಕಟ್ಟೆಯ ಮೇಲೆ ಇಟ್ಟು, ಚಿತ್ರವನ್ನು ಆಟೋಗೆ ಏರಿಸಿದೆ. ವಿರೇಶ ಮಾವ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ, ನಿನಗೂ ಬಾಯಿ ಐತಿ ಅಂತ ಇವತ್ತು ಗೊತ್ತಾತು ಎಂದ.

ಹೇಳುತ್ತೇನೆ ಎಂದಿದ್ದೆನಲ್ಲ, ಹೇಳಿದೆ. ನಿನ್ನ ಕೆಲಸ ನನ್ನಿಂದ ಹೋಯಿತು. ಕ್ಷಮಿಸು ಎಂದು ಬರೆಯಲು ಪೆನ್ನು ಎತ್ತಿದೆ, ಆದರೆ ತಪ್ಪು ಮಾಡಿದ್ದೇನೆ ಎಂದು ಅನ್ನಿಸುತ್ತಿಲ್ಲ, ಅನ್ನಿಸದೇ ಬರೆದರೆ ಅದೂ ಒಂದು ಹಸಿರೇ. ನೀನು ಊರಿಗೆ ಬರುವುದನ್ನು ಅವ್ವನಷ್ಟೇ ನಾನೂ ಕಾಯುತ್ತಿದ್ದೇನೆ. ಮಂದಿಯ ಗೋಡೆಗಳನ್ನೆಲ್ಲ ನಯ ಮಾಡಿದವನ ಮನೆಗೇ ಗಿಲಾವ್ ಇಲ್ಲ ಎಂದು ಅವ್ವ ಯಾವಾಗಲೂ ಆಡಿಕೊಳ್ಳುತ್ತಾಳಲ್ಲ, ಆ ಬರೀ ಇಟ್ಟಿಗೆಯ ಗೋಡೆಗೇ ಚಿತ್ರ ತೂಗುಹಾಕಿದ್ದೇನೆ. ಒರಟಿನ ಮೇಲೆ ಒರಟು ಚೆನ್ನಾಗಿ ಹಿಡಿದಿದೆ. ಕೆಳಗಿನ ಮೂಲೆಯಲ್ಲಿ, ಸವಳು ಇನ್ನೂ ಮೆತ್ತಗಿದ್ದ ಕಡೆ, ಥಾಪಿಯ ತುದಿಯಿಂದ ನನ್ನ ಹೆಸರು ಗೀರಿದ್ದೇನೆ. ಹೆಸರಿನ ಹಿಂದೆ ನಿನ್ನದನ್ನೂ ಹಾಕಿದ್ದೇನೆ. ಬೇಡವೆನಿಸಿದರೆ ಬಂದು ಅಳಿಸು, ಉಗಾದಿಯ ತನಕ ಒಣಗುವುದಿಲ್ಲ.

ಅವ್ವ ನಿನಗೆ ಹೊಟ್ಟೆ ತುಂಬ ಉಣ್ಣು ಎಂದು ಹೇಳಿದ್ದಾಳೆ. ಈ ಪತ್ರದಲ್ಲಿ ಏನಿದೆ ಎಂದು ಅವಳಿಗೆ ಓದಿ ಹೇಳಿದೆ. ಕೇಳಿ ಎದ್ದು ಹೋಗಿ ಹಿಂಡಿಯ ಡಬ್ಬಿಗೆ ಇನ್ನೆರಡು ಹಿಡಿ ತುಂಬಿದಳು. ವಿರೇಶ ಮಾವನ ಮತ್ತು ನಿತಾಯಿ ಕಾಕಾನ ನಮಸ್ಕಾರ. ನಿನ್ನ ಕಾಲಿಗೆ ನನ್ನ ನಮಸ್ಕಾರ, ಮೂಗಿಗೆ ಟವೆಲ್ ಕಟ್ಟಿಕೋ.

ನಿನ್ನ ಮಗಳು,
ಅಮರೇಶ್ವರಿ ಕನಕರಾಯ

ತಾ.ಕ. ಸಂಗನಬಸವಣ್ಣ ಹೊರಗೆ ನಿಂತು ಕರೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮಸ್ಕಿಯಲ್ಲಿ ಬಳೆ ಅಂಗಡಿಯ ಲಾಲ್‌ಬೀ ತನ್ನ ಅಂಗಡಿಯ ಹಿಂದೆ ಎರಡು ಕೋಣೆ ಕಟ್ಟಿಸಿದ್ದಾಳೆ, ಗಿಲಾವ್ ಆಗಬೇಕು. ನಿನ್ನೆ ಹೋದಾಗ, "ನಿಮ್ಮಪ್ಪ ಊರಾಗ ಅದಾನೇನು?" ಎಂದು ಕೇಳಿದಳು. ನಾ ಅದೀನಿ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೆಣ್ಣುಮಕ್ಕಳು ಗೌಂಡಿ ಕೆಲಸ ಮಾಡುವುದನ್ನು ಎಲ್ಲೂ ನೋಡಿಲ್ಲವಲ್ಲ ಎಂದು ನಕ್ಕಳು. ಬಚ್ಚಲ ಗೋಡೆಗೆ ಒಂದು ಗಜ ಹಾಕಿ ತೋರಿಸಿದೆ. ಅಂಗೈ ಆಡಿಸಿ ನೋಡಿ ಕೆಲಸ ಕೊಟ್ಟಳು. ನಿನ್ನ ಹೆಸರಿಗಲ್ಲ, ನನ್ನ ಹೆಸರಿಗೆ. ಗೋಡೆಯ ಬುಡ ಕೆರೆದು ನಾಲಿಗೆಗೆ ಹಚ್ಚಿ ನೋಡಿದ್ದೇನೆ, ಉಪ್ಪಿಲ್ಲ. ಬರುವ ಸೋಮವಾರದಿಂದ ಮೊದಲನೇ ಕೋಟ್ ಹಾಕಿ ಗೀರಿ ಇಡುತ್ತೇನೆ. ಎರಡನೆಯದಕ್ಕೆ ಒಂದು ವಾರ ಸಮಯವಿದೆ. ದೊಡ್ಡ ಥಾಪಿ ತೆಗೆದುಕೊಂಡು ಬಾ. ನೀನು ಬರದಿದ್ದರೆ ಅದನ್ನೂ ನಾನೇ ಹಾಕುತ್ತೇನೆ.